ಗುಲ್ವಾಡಿ ಇಗರ್ಜಿಯ ಮರದ ಮಾತೆ

ಸೋಮವಾರ ಬೆಳಗ್ಗೆ ಗುಲ್ವಾಡಿ ಇಗರ್ಜಿಯ ಫಾದರ್ ಆಲ್ಬನ್ ಠಾಣೆಗೆ ಬಂದು ದೂರು ಕೊಟ್ಟರು. ಇಗರ್ಜಿಯ ನವೀಕರಣ ನಡೆಯುತ್ತಿತ್ತು. ಪೀಠಕ್ಕೆ ಹೊಸ ಅಮೃತಶಿಲೆ ಹಾಕಲೆಂದು ಕೆಳಗಿಳಿಸಿ ಶೆಡ್ಡಿನಲ್ಲಿಟ್ಟಿದ್ದ ಮೇರಿ ಮಾತೆಯ ಹಳೆಯ ಮರದ ಮೂರ್ತಿ ಕಾಣೆಯಾಗಿತ್ತು. ಎಸ್‌ಐ ಪ್ರೇಮಾನಂದ ಎಫ್‌ಐಆರ್ ದಾಖಲಿಸಿದರು. ಹಳೆಯ ಮೂರ್ತಿ ಎಂದಮೇಲೆ ಹೊರಗಿನ ಕಳ್ಳರದೇ ಕೆಲಸವೆಂದು ಅವರ ತಲೆ ಆಗಲೇ ಮುಂಬಯಿಯ ಹಳೆವಸ್ತು ಮಾರುಕಟ್ಟೆಯವರೆಗೆ ಓಡಿತ್ತು.

ಸ್ಥಳ ಪಂಚನಾಮೆಯಲ್ಲಿ ಆ ಓಟ ನಿಂತಿತು. ಬೀಗ ಮುರಿದಿರಲಿಲ್ಲ. ಮೂರ್ತಿ ಇದ್ದ ಜಾಗದಲ್ಲಿ ಅಬ್ಬಲಿಗೆ ಹೂವು, ಒಂದಿಷ್ಟು ಅಕ್ಕಿ ಬಿದ್ದಿತ್ತು.

"ಕದ್ಕಂಡ್ ಹೋಪವ ಹೂ ಹಾಕ್ತ್ನಾ ಸರ್?" ಬಿಜೂರಿನ ಕಾನ್‌ಸ್ಟೇಬಲ್ ಪ್ರಣೀತಾ ಕೇಳಿದಳು. "ಮೂರ್ತಿ ಭಿನ್ನ ಆಯಿತ್ತಾ ಕೇಣಿ. ಭಿನ್ನ ಆದ್ದನ್ನ ನಮ್ ಬದಿಯಂಗೆ ಇಟ್ಕಂಬುದಿಲ್ಲೆ, ನೀರಿಗ್ ಬಿಡುದ್."

ಪ್ರೇಮಾನಂದ ಫಾದರ್ ಆಲ್ಬನ್‌ರನ್ನು ಕೇಳಿದರು.

"ಹೌದು, ಇಳಿಸುವಾಗ ಬಾಲಯೇಸು ತಾಯಿಯ ಕೈಯಿಂದ ಕಳಚಿ ಬಿತ್ತು," ಎಂದರು ಫಾದರ್.

"ಇಳಿಸುವಾಗ ಹಗ್ಗ ಹಿಡಿದವರು ಯಾರು?"

"ನವೀಕರಣದ ಕೆಲಸಕ್ಕೆ ಬರುವ ರತ್ನಾಕರ ಮೊಗವೀರ. ಶೆಡ್ಡಿನ ಕೀಲಿಯೂ ಅವರ ಹತ್ತಿರವೇ."

ರತ್ನಾಕರ ಹೊಳೆಬದಿಯಲ್ಲಿ ಬಲೆ ಬಿಡಿಸುತ್ತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ.

"ಮೂರ್ತಿ ಎಲ್ಲಿ?"

"ದೋಣಿಯಂಗ್ ಹೋಯಿ ಅಳಿವೆಯಂಗ್ ಬಿಟ್ಟೆ ಸರ್. ನಿನ್ನೆ, ಇಳಿತದ್ ಹೊತ್ತಿಗೆ."

"ಯಾಕೆ?"

"ಹಗ್ಗ ಜಾರಿದ್ದ್ ನನ್ ಕೈಯಿಂದ್ಲೇ. ಮಗ್ಳ್ ನವ್ಯಶ್ರೀ ಬಸ್ರಿ, ಏಳ್ ತಿಂಗ್ಳ್. ತಾಯಿ ಮಗು ಬೇರೆ ಆದ್ ಮೂರ್ತಿ ಆ ಧೂಳಂಗೆ ಬಿದ್ಕಂಡಿದ್ರೆ ನಂಗ್ ಉಂಬುಕ್ ಸೇರುದಿಲ್ಲೆ." ಬಲೆಯ ಹುರಿ ತೋರಿಸಿ ಹೇಳಿದ: "ಮಗಿನ್ನ ಅಮ್ಮನ್ ಕೈಗೆ ಹುರಿಯಂಗ್ ಕಟ್ಟಿಯೇ ಬಿಟ್ಟದ್ದ್. ನೀರಂಗ್ ಬೇರೆ ಆಪುಕ್ ಆಗ ಅಂದೇಳಿ."

ಮಧ್ಯಾಹ್ನದವರೆಗೆ, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಹುಡುಕಿಸಿದರು. ಏನೂ ಸಿಗಲಿಲ್ಲ. ಸಂಜೆ ರತ್ನಾಕರನನ್ನು ಬಂಧಿಸಿದರು. ಪ್ರೇಮಾನಂದರಿಗೆ ನಿಜಕ್ಕೂ ಬೇಸರವಾಯಿತು. ಆದರೆ ಎಫ್‌ಐಆರ್ ಆದಮೇಲೆ ಬೇಸರಕ್ಕೆ ಠಾಣೆಯಲ್ಲಿ ಜಾಗವಿಲ್ಲ.

ಸುದ್ದಿ ಕೇಳಿ ಫಾದರ್ ಓಡಿ ಬಂದರು. "ರತ್ನಾಕರ, ಗೋವಾದಿಂದ ಬಡಗಿ ಶನಿವಾರ ಬರುವವನಿದ್ದ. ಮಗುವನ್ನು ಮತ್ತೆ ಕೂರಿಸುತ್ತಿದ್ದೆವು. ನಾನು ನಿಮಗೆ ಹೇಳಬೇಕಿತ್ತು."

"ಭಿನ್ನ ಆದ್ದನ್ನ ಸರಿ ಮಾಡಿ ಮತ್ತ್ ಪೀಠಕ್ ಇಡ್ತ್ರಾ ನೀವ್?" ರತ್ನಾಕರ ಕೇಳಿದ.

"ಇಡುತ್ತೇವೆ."

"ನಂಗ್ ಗೊತ್ತಿರ್ಲಿಲ್ಲೆ."

ಬಂಧನದ ವಿಷಯ ಮನೆಯವರಿಗೆ ತಿಳಿಸಬೇಕು. ಪ್ರಣೀತಾ ನವ್ಯಶ್ರೀಯ ನಂಬರ್ ಕೇಳಿದಳು.

"ಅಪ್ಪ ಕದ್ದ ಅಂದೇ ಹೇಳಿ," ಎಂದ ರತ್ನಾಕರ. "ಮಗು ಕಳ್ಚಿ ಬಿದ್ ಸುದ್ದಿ ಮಾತ್ರ ಅವ್ಳಿಗ್ ಹೇಳ್ಬೇಡಿ."

ಪ್ರಣೀತಾ ಪ್ರೇಮಾನಂದರ ಮುಖ ನೋಡಿದಳು. ಅವರು ಆಗಲಿ ಎಂದು ತಲೆಯಾಡಿಸಿದರು. ನಿಮ್ಮ ತಂದೆಯನ್ನು ಕಳವಿನ ಕೇಸಿನಲ್ಲಿ ಹಿಡಿದಿದ್ದೇವೆ ಎಂದಷ್ಟೇ ಹೇಳಿ ಅವಳು ಫೋನ್ ಇಟ್ಟಳು.