ಜಿರಳೆಯ ಖಾಲಿ ಬಾಟಲಿಗಳು

ಬೆಟ್ಟದ ಈ ಕಡೆ ನೆಲದೊಳಕ್ಕೆ ಇಳಿದು ಕಾಣೆಯಾಗುವ ತೊರೆಯೇ ಆ ಕಡೆ ಬುಗ್ಗೆಯಾಗಿ ಏಳುತ್ತದೆಂದು ಎಲ್ಲರೂ ಹೇಳುತ್ತಿದ್ದರು. ನಡುವಿನ ದಾರಿಯನ್ನು ಮಾತ್ರ ಕಂಡವರಿರಲಿಲ್ಲ. ಅದನ್ನು ಅಳೆದು ನಕ್ಷೆಗೆ ಇಳಿಸಲು ಮೂವರು ಗುಹೆ ಹೊಕ್ಕಿದ್ದರು: ಭೂವಿಜ್ಞಾನಿ ಅಕ್ಕ, ಎಂಥ ಸಂದಿಯಲ್ಲೂ ನುಸುಳುವುದರಿಂದ ಜಿರಳೆ ಎನಿಸಿಕೊಂಡ ಅವಳ ತಂಗಿ, ಮತ್ತು ಒಬ್ಬ ಡಾಕ್ಟರು.

ಒಳಗೆ ಏನನ್ನೂ ಬಿಟ್ಟು ಬರಬಾರದೆಂಬುದು ಅಕ್ಕನ ಕಟ್ಟಳೆ. ಬುಗ್ಗೆಯ ನೀರನ್ನು ಜನ ಕುಡಿಯುತ್ತಾರೆ. ಹಾಗಾಗಿ ಅವರವರ ಮೂತ್ರವನ್ನೂ ಅವರವರೇ ಬಾಟಲಿಗಳಲ್ಲಿ ತುಂಬಿ ಹೊರಬೇಕು.

ಮೂರನೆಯ ದಿನ ವಿಶಾಲವಾದ ಅಂಗಳವೊಂದಕ್ಕೆ ಬಂದರು. ತಲೆದೀಪದ ಬೆಳಕು ಮೇಲಿನ ಬಂಡೆಯನ್ನು ಮುಟ್ಟಲೇ ಇಲ್ಲ. ಸುಣ್ಣಕಲ್ಲಿನ ಮಡಿಕೆಗಳು ಒಣಹಾಕಿದ ಬಟ್ಟೆಗಳಂತೆ ಗೋಡೆಯುದ್ದಕ್ಕೂ ಇಳಿಬಿದ್ದಿದ್ದವು. ಅವುಗಳ ಬುಡದಲ್ಲಿ ಒಂದು ಕಿರಿದಾದ ಬಿರುಕು. ಅದರಾಚೆ ತೊರೆಯ ಸದ್ದು. ಅಲ್ಲಿ ನುಸುಳಬಲ್ಲವಳು ಜಿರಳೆ ಒಬ್ಬಳೇ.

ಅವಳು ಎದ್ದಳು. ವಾಲಿದಳು. ಗೋಡೆ ಹಿಡಿದು, ಏನಿಲ್ಲ ಎಂದಳು.

ಡಾಕ್ಟರು ಅವಳ ಚೀಲ ಎತ್ತಿದರು. ತೀರಾ ಹಗುರ. ಬಾಟಲಿಗಳೆಲ್ಲ ಖಾಲಿ; ಒಂದರ ತಳದಲ್ಲಿ ಮಾತ್ರ ಕಡುಕಂದು ಬಣ್ಣದ ಒಂದಿಷ್ಟು ಮೂತ್ರ.

"ಕೊನೇ ಸಲ ಯಾವಾಗ ಹೋಗಿದ್ದೆ?"

"ನಿನ್ನೆ ಬೆಳಗ್ಗೆ ಇರಬೇಕು. ಕುಡಿದಷ್ಟೂ ಹೊರಬೇಕಲ್ಲ ಡಾಕ್ಟ್ರೇ, ನಾನೇನು ಕತ್ತೆನಾ?"

ಕೆದಕಿದಾಗ ಇನ್ನೊಂದು ವಿಷಯ ಹೊರಬಿತ್ತು. ಮೊದಲ ದಿನ ಜಾರಿ ಮೊಣಕಾಲು ಊದಿಕೊಂಡಿತ್ತು. ಅಂದಿನಿಂದ ಯಾರಿಗೂ ಹೇಳದೆ ನೋವಿನ ಮಾತ್ರೆ ನುಂಗುತ್ತಿದ್ದಳು.

ಬಿರುಕಿನೊಳಗೆ ಒಮ್ಮೆ ಇಣುಕಿ ಬರಲಿ, ಆಮೇಲೆ ಬೇಕಾದಷ್ಟು ನೀರು ಕುಡಿಯಲಿ ಎಂದು ಅಕ್ಕ ವಾದಿಸಿದಳು. ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಮೂತ್ರಪಿಂಡಗಳು ರಕ್ತವನ್ನು ದಿನವಿಡೀ ಸೋಸುತ್ತವೆ. ಸೋಸಿದ ನೀರಿನಲ್ಲಿ ಬಹುಪಾಲನ್ನು ದೇಹಕ್ಕೇ ಮರಳಿಸುತ್ತವೆ. ನೀರು ಕಡಿಮೆಯಾದರೆ ಮಿದುಳಿನಿಂದ ಸಂದೇಶ ಬರುತ್ತದೆ, ಅವು ಇನ್ನೂ ಬಿಗಿಹಿಡಿಯುತ್ತವೆ. ರಕ್ತದ ಒತ್ತಡ ಇಳಿದಾಗ ತಮಗೆ ರಕ್ತ ತರುವ ನಾಳಗಳನ್ನು ತಾವೇ ಅಗಲ ಮಾಡಿಕೊಂಡು ಕೆಲಸ ನಡೆಸುತ್ತವೆ. ಈ ಮಾತ್ರೆ ಅದಕ್ಕೇ ಅಡ್ಡಿ.

"ಅಂದ್ರೆ?" ಅಕ್ಕ ಕೇಳಿದಳು.

"ಸೋಸೋದೇ ನಿಂತುಹೋಗ್ತಿದೆ. ಇನ್ನೂ ತಡ ಮಾಡಿದ್ರೆ ಮತ್ತೆ ಶುರುವಾಗುತ್ತೆ ಅಂತ ನಾನು ಮಾತು ಕೊಡಲ್ಲ."

ಅಕ್ಕ ಬಿರುಕಿನ ಕಡೆ ನೋಡಿದಳು. ಎಷ್ಟೋ ವರ್ಷದಿಂದ ಹುಡುಕಿದ ಸದ್ದು ಅದು. ಅಳತೆಪಟ್ಟಿ ಸುತ್ತಿ ಚೀಲಕ್ಕೆ ತುರುಕಿದಳು.

"ವಾಪಸ್ ನಡೀರಿ."

ದಾರಿಯ ಮಡುವೊಂದರ ಬಳಿ ಜಿರಳೆ ತಟ್ಟನೆ ಕುಸಿದು ಬೊಗಸೆ ಬೊಗಸೆ ನೀರು ಮೊಗೆಯತೊಡಗಿದಳು. ಡಾಕ್ಟರು ಅವಳ ಕೈ ಹಿಡಿದರು. ಹೊರಹಾಕಲಾರದ ದೇಹಕ್ಕೆ ಬರೀ ನೀರು ಸುರಿದರೆ ರಕ್ತದ ಉಪ್ಪು ತೆಳುವಾಗಿ ಮಿದುಳು ಊದೀತು. ಶುದ್ಧ ನೀರಿಗೆ ಉಪ್ಪು, ಸಕ್ಕರೆಯ ಪುಡಿ ಕದಡಿ, ಗುಟುಕು ಗುಟುಕಾಗಿ ಕುಡಿಸಿದರು.

ಕಡಿದಾದ ಬಂಡೆ ಎದುರಾಯಿತು. ಅಕ್ಕ ಮೊದಲು ಹತ್ತಿ ಹಗ್ಗ ಬಿಗಿದಳು.

ಜಿರಳೆ ಅರ್ಧ ಏರಿದಳು. ಕೈ ಜಾರಿತು.

ಹಗ್ಗ ಸೆಳೆಯಿತು. ಅಕ್ಕ ಕಾಲನ್ನು ಕಲ್ಲಿಗೆ ಊರಿ ತಡೆದಳು. ಅಂಗೈಯ ಚರ್ಮ ಕಿತ್ತುಬಂತು, ಬಿಡಲಿಲ್ಲ.

"ನನಗ್ಯಾಕೆ ಹೇಳಲಿಲ್ಲ?" ಮೇಲೆಳೆದುಕೊಂಡ ಮೇಲೆ ಕೇಳಿದಳು.

"ಹೇಳಿದ್ರೆ ನೀನು ಹಿಂದಕ್ಕೆ ಕಳಿಸ್ತಿದ್ದೆ."

ಬಿರುಕಿನ ಮುಂದೆ ನಿಂತಾಗ ತಾನು ಏನು ವಾದಿಸಿದ್ದೆನೆಂಬುದು ಅಕ್ಕನಿಗೆ ನೆನಪಿತ್ತು.

ರಾತ್ರಿಯಿಡೀ ನಡೆದು ಬಂದವರಿಗೆ ಗುಹೆಯ ಬಾಯಿಯಲ್ಲಿ ಮರುದಿನ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯಿತು. ಜಿರಳೆ ಪೊದೆಯ ಮರೆಗೆ ಹೋದಳು. ಇಬ್ಬರೂ ಕಾದರು. ಬಹಳ ಹೊತ್ತಾಯಿತು.

"ಬಂತು," ಎಂದಳು ಮರಳಿ. "ಸ್ವಲ್ಪವೇ. ಬಣ್ಣ ಇನ್ನೂ ಹಾಗೇ ಇದೆ."

ಡಾಕ್ಟರು ನಗಲಿಲ್ಲ, ಆದರೆ ಹಣೆಯ ಗಂಟು ಸಡಿಲಿತು. ನೇರ ಆಸ್ಪತ್ರೆಗೆ ಹೋಗಬೇಕು, ಕೆಲವು ದಿನ ರಕ್ತ ಪರೀಕ್ಷೆ ಆಗುತ್ತಿರಬೇಕು, ಆಮೇಲಷ್ಟೇ ಏನಾದರೂ ಹೇಳಲು ಸಾಧ್ಯ ಎಂದು ಜೀಪು ಹೊರಡಿಸಿದರು.

ಹಿಂದಿನ ಸೀಟಿನಲ್ಲಿ ಜಿರಳೆ ಕಣ್ಣುಮುಚ್ಚಿ ಒರಗಿದ್ದಳು. ಆ ಬಿರುಕು ಎಲ್ಲಿಗೂ ಓಡಿಹೋಗಲ್ಲ ಅಕ್ಕ ಎಂದು ಗೊಣಗಿದಳು.

ಅಕ್ಕ ಬಟ್ಟೆ ಸುತ್ತಿದ ಕೈಯಲ್ಲಿ ಲೋಟ ಹಿಡಿದು ಅವಳ ತುಟಿಗಿಟ್ಟಳು.

"ಈಗ ಒಂದು ಗುಟುಕು. ಆಮೇಲೆ ಇನ್ನೊಂದು."