ಬಿಳಿಹೊಳೆಗೆ ಬಿಟ್ಟ ಕೆಂಪು ಟೇಪು

“ತೊಟ್ಟಿದ್ದು, ಮುಡ್ದಿದ್ದು ಮಾತ್ರ ಹೊಳೆಗೆ ಬುಡಬ್ಯಾಡಿ ಕಣ್ರೀ ಸ್ವಾಮಿ. ಬೇಕಾದ್ರೆ ಸೊಪ್ಪು ಬುಡಿ.”

ಮೇಕೆ ಕಾಯುತ್ತಿದ್ದ ಕೆಂಪಾಜಮ್ಮನ ಮಾತಿಗೆ ಶಶಿಕುಮಾರ್ ಗಹಗಹಿಸಿ ನಕ್ಕ. ಅಂತರ್ಜಲ ಅಳೆಯಲು ಮೈಸೂರಿನಿಂದ ಬಂದವನು ಅವನು. ಶಾಲೆಗೆ ರಜೆಯೆಂದು ಪುಟ್ಟ ಮಗಳು ಅನುವನ್ನೂ ಜೀಪಿನಲ್ಲಿ ಕರೆತಂದಿದ್ದ. ರಾವಂದೂರಿನಾಚೆಯ ಈ ಬಿಳಿಹೊಳೆ ಸುಣ್ಣಕಲ್ಲಿನ ಬಾಯೊಂದಕ್ಕೆ ಧುಮುಕಿ ಮಾಯವಾಗುತ್ತದೆ. ನೆಲದಡಿಯೇ ಹರಿದು, ತಗ್ಗಿನ ಮಡುವಿನಲ್ಲಿ ಮತ್ತೆ ಏಳುತ್ತದೆ. ಎರಡೂ ಒಂದೇ ನೀರೋ ಅಲ್ಲವೋ ಎಂದು, ಇಲ್ಲಿ ಏನಾದರೂ ತೇಲಿಬಿಟ್ಟು ಅಲ್ಲಿ ಏಳುತ್ತದೆಯೇ ಎಂದು ಅವನು ನೋಡಬೇಕಿತ್ತು.

“ಹಗೆ ತೀರಿಸೋರು ಹಗೆಯೋನ ಬಟ್ಟೆ ತಂದು ಇಲ್ಲೇ ಬುಡ್ತಿದ್ರು. ಬಟ್ಟೆ ಒಳಗೆ ಮುಳುಗ್ದಂಗೆ, ಆಳು ಮನೇಲೇ ಮುಳುಗೋಗ್ತಿದ್ದ.”

“ಸೊಪ್ಪು ಕಾಣಲ್ಲಮ್ಮ, ಕೆಂಪು ಎದ್ದು ಕಾಣುತ್ತೆ,” ಎಂದವನೇ ಅನುವಿನ ಜಡೆಯ ಟೇಪು ಬಿಚ್ಚಿ, ತೆಂಗಿನ ಕರಟಕ್ಕೆ ಕಟ್ಟಿ ಎಸೆದ. ಅಯ್ಯೋ, ಹೆತ್ತ ಅಪ್ಪನ ಕೈಯಲ್ಲೇ! ಕಲ್ಲಿನ ಬಾಯಿ ಗುಳಕ್ಕೆಂದಿತು. ಕೆಂಪಾಜಮ್ಮ ಸೆರಗು ಕಚ್ಚಿಕೊಂಡಳು.

ಅಪ್ಪ ಮಗಳು ಒಣಹಳ್ಳದಲ್ಲಿ ಮಡುವಿನತ್ತ ನಡೆದರು. ಸುಡು ಮಧ್ಯಾಹ್ನ. ಹುಲ್ಲೆಲ್ಲ ಗರಿಗರಿ ಒಣಗಿತ್ತು; ಪಾದದಡಿ ಮಾತ್ರ ಯಾರೋ ಗುಟುಕರಿಸುವ ಸದ್ದು. ಹಸಿ ಸುಣ್ಣದ, ಕೊಳೆತ ಬಟ್ಟೆಯ ವಾಸನೆ. ಅನು ನಿಂತಳು.

“ಅಪ್ಪಾ, ಯಾಕೆ ಕತ್ತಲೆ?”

“ಆಟ ಆಡ್ಬೇಡ ಪುಟ್ಟಿ.”

ಬಿಚ್ಚಿದ ಕೂದಲಿಂದ ನೀರು ತೊಟ್ಟಿಕ್ಕಿತು. ಫ್ರಾಕು ಒಣಗಿಯೇ ಇತ್ತು. ಬಾಯಿಂದ ಹಾಲಿನಂಥ ನೀರು ಬಂತು. ಕುಸಿದಳು. ಬೆನ್ನು ತಟ್ಟಿದ. ತಲೆಕೆಳಗೆ ಹಿಡಿದ. ನೀರು ನಿಲ್ಲಲಿಲ್ಲ. ಉಸಿರಿಲ್ಲ. ತುಟಿ ನೀಲಿ.

“ಅಮ್ಮಾ! ಏನಾದ್ರೂ ಮಾಡಿ!” ಶಶಿಕುಮಾರ್ ಕಿರುಚಿದ.

ಹಿಂದೆಯೇ ಓಡಿ ಬಂದಿದ್ದ ಕೆಂಪಾಜಮ್ಮ ಹಳ್ಳದ ನಡುವೆ ಬಂಡೆಯ ಬಿರುಕೊಂದನ್ನು ತೋರಿಸಿದಳು. ಅದರಡಿ ಹೊಳೆ ಬುಸುಗುಡುತ್ತಿತ್ತು.

“ಟೇಪು ಇನ್ನೂ ಒಳಗದೆ. ಬುಟ್ಟೋರೇ ತಾವು ತೊಟ್ಟಿದ್ದ ಬದಲು ಕೊಟ್ರೆ ಕೂಸ ಬುಡ್ತದೆ. ಬ್ಯಾರೆ ದಾರಿ ಇಲ್ಲ ಕಣಪ್ಪ.”

ಅವನು ಯೋಚಿಸಲಿಲ್ಲ. ಗುಂಡಿಗಳು ಕಿತ್ತು ಹಾರಿದವು. ಬೆವರಿದ ಅಂಗಿಯನ್ನು ಬಿರುಕಿಗೆ ತುರುಕಿದ. ಕೆಳಗಿನಿಂದ ಯಾರೋ ಎಳೆದುಕೊಂಡರು.

ಅನು ಕೆಮ್ಮಿದಳು. ಅತ್ತಳು. ಶಿವನೇ, ಅತ್ತಳು! ದೂರದ ಮಡುವಿನಲ್ಲಿ ಕೆಂಪಗೆ ಏನೋ ತೇಲಿತು. ಶಶಿಕುಮಾರ್ ಮಗಳನ್ನು ಎದೆಗೊತ್ತಿಕೊಂಡು ತಾನೂ ಅತ್ತ. ಅಷ್ಟರಲ್ಲಿ ನೆತ್ತಿಯ ಮೇಲಿನ ಬಿಸಿಲು ಮಂಕಾಯಿತು. ನಾಲಿಗೆಗೆ ಸುಣ್ಣದ ರುಚಿ ಹತ್ತಿತು.

“ಅಪ್ಪಾ, ನಿನ್ನ ಮೂಗಲ್ಲಿ ನೀರು,” ಅಂದಳು ಅನು.

ತಡಕಾಡುತ್ತ ಅವನು ಮಗಳನ್ನು ಕೆಂಪಾಜಮ್ಮನ ಕೈಗೆ ಕೊಟ್ಟ. ಇವಳಮ್ಮನಿಗೆ ಹೇಳಿ ಎನ್ನಲು ಬಾಯಿ ತೆರೆದ. ಬಿಳಿ ನೀರು ಸುರಿಯಿತು.