ಲಿಲಿಯ ಮೊಮ್ಮಗಳು ಸಂಡೂರಿಗೆ ಬಂದಾಗ

ಹಂಪಿಯಿಂದ ದಾರಿ ತಪ್ಪಿ ಬಂದ ಪ್ರವಾಸಿ ಇರಬೇಕೆಂದುಕೊಂಡು ಪ್ರಾಣೇಶ ಗೇಟಿನಲ್ಲೇ ಹೇಳಿದ: "ಮೇಡಂ, ಇದು ಹೋಮ್‌ಸ್ಟೇ ಅಲ್ಲ."

ಹುಡುಗಿ ನಕ್ಕಳು. ಕಂದು ಕೂದಲನ್ನು ಕಿವಿಯ ಹಿಂದೆ ಸರಿಸಿ, ಅಪ್ಪಟ ಸಂಡೂರಿನ ಕನ್ನಡದಲ್ಲಿ ಕೇಳಿದಳು: "ಇಂದಿರಾ ಅದಾಳೇನ್ಲೇ?"

ತೊಂಬತ್ತು ದಾಟಿದ ತನ್ನ ಅಜ್ಜಿಗೆ ಏಕವಚನ, ತನಗೆ 'ಲೇ'! ಪ್ರಾಣೇಶ ಗೇಟಿನ ಚಿಲಕ ಹಿಡಿದೇ ನಿಂತ.

ಒಳಗಿನಿಂದ ಇಂದಿರಾಬಾಯಿ ಕೂಗಿದರು. "ಯಾರೋ ಅದು? ಲಿಲಿ ಕರದಂಗ ಆತಲ್ಲೋ!"

ಬಂದವಳು ತಾಲ್ಯಾ, ಲಂಡನ್ನಿನವಳು. ಅವಳಿಗೆ ಬರುತ್ತಿದ್ದ ಕನ್ನಡವೇ ಅಷ್ಟು. ಯುದ್ಧದ ಕಾಲದಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ವಿಯೆನ್ನಾ ಬಿಟ್ಟ ಒಬ್ಬ ಯಹೂದಿ ಡಾಕ್ಟರಿಗೆ, ಯಾವ ದೇಶವೂ ಬಾಗಿಲು ತೆರೆಯದಿದ್ದಾಗ, ಸಂಡೂರಿನಲ್ಲಿ ಕೆಲಸ ಸಿಕ್ಕಿತ್ತು. ಈ ಮನೆಯ ಮುಂದಿನ ಕೋಣೆಯಲ್ಲೇ ಬಾಡಿಗೆಗಿದ್ದ. ಅವನ ಮಗಳು ಲಿಲಿ ದಿನಾ ಸಂಜೆ ಗೆಳತಿಯನ್ನು ಆಟಕ್ಕೆ ಕರೆಯುತ್ತಿದ್ದ ಮಾತದು. ಮುದುಕಿಯಾಗಿ ಸಾಯುವ ಮುನ್ನ ಅದನ್ನು ಮೊಮ್ಮಗಳಿಗೆ ಕಲಿಸಿದ್ದಳು.

ಇಂದಿರಾಬಾಯಿ ಹಿಡಿದ ತಾಲ್ಯಾಳ ಕೈ ಬಿಡಲಿಲ್ಲ. "ಮೊದ್ಲು ನಮ್ಮವ್ವ ಲಿಲೀನ್ನ ಪಡಸಾಲಿ ದಾಟಿ ಬಿಡ್ತಿದ್ದಿಲ್ಲ. ಹಿಂದ ಉಳಿದಿದ್ದ ಅವರವ್ವ ಅಲ್ಲೇ ನಾಜಿಗಳ ಕ್ಯಾಂಪಿನಾಗ ತೀರಿಕೊಂಡ್ಲು ಅಂತ ಸುದ್ದಿ ಬಂತು ನೋಡು, ಅವತ್ತು ಎತ್ಕೊಂಡು ಅಡಗಿ ಮನಿಗೇ ತಂದು ತುತ್ತು ಮಾಡಿ ಉಣಿಸಿದ್ಲು. ಮಡಿಗಿಡಿ ಯಾವುದೂ ನೆನಪಾಗ್ಲಿಲ್ಲ ಆಕಿಗೆ."

ಪ್ರಾಣೇಶ ಇಂಗ್ಲಿಷಿನಲ್ಲಿ ಹೇಳುತ್ತ ಹೋದ. ತಾಲ್ಯಾ ಅಜ್ಜಿಯ ಮಡಿಲಿಗೆ ಮುಖವಿಟ್ಟು ಅತ್ತಳು. ಅವಳ ಬೆನ್ನ ಮೇಲೆ ಕೈ ಇಡಬೇಕೆನಿಸಿ, ಅವನು ನೀರು ತರಲು ಎದ್ದ.

ತಾನು ಪಾಠ ಹೇಳುತ್ತಿದ್ದ ಹೊಸಪೇಟೆಯ ಕಾಲೇಜಿಗೆ ರಜೆ ಹಾಕಿ, ಇಂಗ್ಲಿಷಿನಲ್ಲೇ ಮಾತಾಡುತ್ತ ಅವನೇ ಊರೆಲ್ಲ ತೋರಿಸಿದ. "ಯಾರಿಗೂ 'ಲೇ' ಅನ್ನಬೇಡ. ಗೌರವಕ್ಕೆ 'ರೀ' ಅನ್ನಬೇಕು," ಎಂದ.

"ರೀ," ಎಂದಳು ಅವನನ್ನೇ ನೋಡುತ್ತ.

ಹೆಂಡತಿ ಗಂಡನನ್ನು ಕರೆಯುವುದೂ ಹಾಗೇ ಎಂಬುದು ಅವನಿಗೆ ಆಗ ಹೊಳೆಯಿತು.

"ನಿನ್ನ ಕಿವಿ ಯಾಕೆ ಕೆಂಪಾಯ್ತು?"

"ಬಿಸಿಲು."

"ನಾವು ನೆರಳಲ್ಲಿದ್ದೇವೆ," ಎಂದಳು ತುಂಟಿ.

ಹೊರಡುವ ಹಿಂದಿನ ಸಂಜೆ, ಹಂಪಿಯ ಹೊಳೆದಂಡೆಯಲ್ಲಿ ಅವನು ಕೊನೆಗೂ ಬಾಯಿಬಿಟ್ಟ. "ಇಲ್ಲೇ ಇದ್ದುಬಿಡು. ನನ್ನ ಜೊತೆ."

ತಾಲ್ಯಾ ಅವನ ಕೈ ಹಿಡಿದಳು. "ನನಗೂ ನಿನ್ನನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಆದರೆ ನನ್ನಜ್ಜಿಗೆ ಬೇರೆ ಜಾಗವೇ ಇರಲಿಲ್ಲ, ಬಂದಳು. ನನಗೆ ಮನೆಯಿದೆ, ಅಮ್ಮ ಒಬ್ಬಳೇ ಇದ್ದಾಳೆ. ಅದನ್ನೆಲ್ಲ ಬಿಡು ಅನ್ನುವುದು ನಿನಗೆ ಅಷ್ಟು ಸುಲಭವೇ?"

ಮರುದಿನ ರೈಲು ಅವಳನ್ನು ಕರೆದೊಯ್ದಿತು.

ಮಳೆ ಬಂತು, ಸಂಡೂರಿನ ಗುಡ್ಡಗಳು ಹಸಿರಾದವು. ಫೋನಿನಲ್ಲಿ ಅವಳ ಮುಖ ಬಂದು ಹೋಗುತ್ತಿತ್ತು. ಕರೆ ಮುಗಿದ ಮೇಲೂ ಅವನು ಕಪ್ಪು ಪರದೆಯನ್ನೇ ನೋಡುತ್ತ ಕೂರುತ್ತಿದ್ದ. ಅವಳನ್ನು ಬಾ ಎಂದು ಕರೆದಿದ್ದನೇ ಹೊರತು, ತಾನು ಎಲ್ಲಿಗಾದರೂ ಹೋಗಬಲ್ಲೆನೇ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಫೋನ್ ಮಾಡಿದ. "ನಾನೇ ಬರ್ತೀನಿ ತಾಲ್ಯಾ. ಮೊದಲು ನಿಮ್ಮಮ್ಮನನ್ನು ನೋಡ್ತೀನಿ. ಎಲ್ಲಿರೋದು ಅಂತ ಆಮೇಲೆ ಇಬ್ಬರೂ ಕೂತು ಯೋಚಿಸೋಣ."

ಎಲ್ಲಿ ಕಲಿತಿದ್ದಳೋ, ತಾಲ್ಯಾ ತಡವರಿಸುತ್ತ ಕನ್ನಡದಲ್ಲೇ ಹೇಳಿದಳು:

"ಇಲ್ಲಿ ಭಾಳ ಚಳಿ ಅದ. ಜಲ್ದಿ ಬಾ."